ಮೂರು ಷರತ್ತುಗಳು ಮತ್ತು ಒಂದು ಬಂದೂಕು



ಎರಡನೆಯ ಮಹಾಯುದ್ಧದ ಪಾಠಗಳಲ್ಲಿ ನೀವು ಟ್ಯಾಂಕುಗಳ ವಿಷಯ ಓದಿರುತ್ತೀರಿ. ಜಲಾಂತರ್ಗಾಮಿಗಳು, ವಿ-2 ರಾಕೆಟ್ಟು, ಅಣುಬಾಂಬು ಇವೂ ನಿಮಗೆ ಗೊತ್ತು. ಆದರೆ ಸಾಮಾನ್ಯ ಕಾಲಾಳು ಹೆಗಲ ಮೇಲೆ ಹೊತ್ತು ನಡೆದ ಬಂದೂಕಿನ ಬಗ್ಗೆ ಪಠ್ಯಪುಸ್ತಕಗಳು ಹೆಚ್ಚಾಗಿ ಮೌನವಾಗಿರುತ್ತವೆ. ಅದರಲ್ಲಿ ಹೇಳುವಂಥದ್ದೇನಿದೆ ಎಂದು ನೀವು ಕೇಳಬಹುದು. ಇದೆ. ಒಂದು ದೇಶದ ಅಧಿಕಾರಿಗಳು ಹೇಗೆ ಯೋಚಿಸುತ್ತಾರೆ, ಕಾರ್ಖಾನೆಗಳು ಹೇಗೆ ನಡೆಯುತ್ತವೆ, ಆ ಕಾರ್ಖಾನೆಗಳಲ್ಲಿ ಯಾರು ದುಡಿಯುತ್ತಾರೆ ಎಂಬುದೆಲ್ಲ ಒಂದು ಬಂದೂಕಿನ ಕಥೆಯಲ್ಲಿ ಸಿಗುತ್ತದೆ.

ಜರ್ಮನಿಯನ್ನೇ ತೆಗೆದುಕೊಳ್ಳಿ. ಯುದ್ಧಕಾಲದಲ್ಲಿ ಜೆಟ್ ವಿಮಾನವನ್ನು ಹಾರಿಸಿದ ದೇಶ ಅದು. ರಾಕೆಟ್ಟನ್ನು ಆಕಾಶದಂಚಿಗೆ ಕಳಿಸಿದ ದೇಶವೂ ಹೌದು. ಹಾಗಿದ್ದರೂ ಆ ದೇಶದ ಬಹುಪಾಲು ಕಾಲಾಳುಗಳು 1939ರಿಂದ 1945ರವರೆಗೆ ಹಿಡಿದು ಹೋರಾಡಿದ್ದು, 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಯಂತ್ರರಚನೆಯ ಬಂದೂಕನ್ನು. ಒಂದೊಂದು ಗುಂಡು ಹಾರಿಸಿದ ಮೇಲೂ ಕೈಯಿಂದ ಮತ್ತೆ ತುಂಬಬೇಕಾಗಿದ್ದ ಬಂದೂಕು ಅದು. ಅದೇ ಕಾಲಕ್ಕೆ ಅಮೆರಿಕದ ಕಾಲಾಳಿನ ಕೈಯಲ್ಲಿ ತಾನಾಗಿಯೇ ತುಂಬಿಕೊಳ್ಳುವ ರೈಫಲ್ ಇತ್ತು. ಹೀಗೇಕಾಯಿತು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ. ಪರದೆಯ ಮೇಲೆ ಚಿತ್ರಗಳು ಬೇಗ ಸರಿದುಹೋಗುತ್ತವೆ; ಇಲ್ಲಿ ನಿಧಾನವಾಗಿ ಓದಿ, ಬೇಕಾದರೆ ಹಿಂದಿನ ಪುಟಕ್ಕೆ ಮರಳಿ ಬನ್ನಿ.

ಅಗುಳಿ ಮತ್ತು ಆವಿ

ಮೊದಲು ಯಂತ್ರವನ್ನು ಅರ್ಥಮಾಡಿಕೊಳ್ಳೋಣ. ಹಳೆಯ ಮನೆಗಳ ಬಾಗಿಲಿನ ಅಗುಳಿಯನ್ನು ನೆನಪಿಸಿಕೊಳ್ಳಿ. ಬೋಲ್ಟ್ ರೈಫಲ್ಲಿನಲ್ಲಿ ಅಂಥದೇ ಒಂದು ಅಗುಳಿ ನಳಿಕೆಯ ಹಿಂಬದಿಯನ್ನು ಮುಚ್ಚಿರುತ್ತದೆ. ಗುಂಡು ಹಾರಿದ ಮೇಲೆ ಸಿಪಾಯಿ ಅದರ ಹಿಡಿಯನ್ನು ಮೇಲಕ್ಕೆತ್ತಬೇಕು, ಹಿಂದಕ್ಕೆಳೆಯಬೇಕು, ಮುಂದಕ್ಕೆ ತಳ್ಳಬೇಕು, ಮತ್ತೆ ಕೆಳಕ್ಕೆ ಒತ್ತಬೇಕು. ಹಿಂದಕ್ಕೆಳೆದಾಗ ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದಾಗ ಹೊಸ ತೋಟಾ ನಳಿಕೆಯೊಳಗೆ ಕೂರುತ್ತದೆ. ಜರ್ಮನ್ ಸೈನ್ಯದ 'ಕಾರಾಬೀನರ್ 98 ಕೆ' ಎಂಬ ಮೌಸರ್ ರೈಫಲ್ ಇಂಥದ್ದು. 1935ರಲ್ಲಿ ಸೇನೆಗೆ ಸೇರಿದ ಈ ರೈಫಲಿನಲ್ಲಿ ಒಮ್ಮೆಗೆ 5 ತೋಟಾಗಳು ಹಿಡಿಯುತ್ತಿದ್ದವು. ಗಟ್ಟಿಮುಟ್ಟಾದದ್ದು, ಗುರಿಯಲ್ಲಿ ನಿಖರವಾದದ್ದು. ಆದರೆ ಪ್ರತಿ ಗುಂಡಿಗೂ ಸಿಪಾಯಿ ಕೈಯನ್ನು ಟ್ರಿಗರಿನಿಂದ ತೆಗೆಯಬೇಕಾಗಿತ್ತು, ಗುರಿ ಕದಲುತ್ತಿತ್ತು.

ಸ್ವಯಂಭರ್ತಿ ರೈಫಲಿನಲ್ಲಿ ಈ ಕೆಲಸವನ್ನೆಲ್ಲ ಗುಂಡಿನ ಶಕ್ತಿಯೇ ಮಾಡಿಕೊಡುತ್ತದೆ. ಮದ್ದು ಉರಿದಾಗ ನಳಿಕೆಯೊಳಗೆ ಅಪಾರ ಒತ್ತಡದ ಅನಿಲ ಹುಟ್ಟುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದ 3,000 ಪಟ್ಟಿಗೂ ಹೆಚ್ಚು. ಅದರಲ್ಲಿ ಒಂದು ಚೂರನ್ನು ಕದ್ದು ಒಂದು ಪಿಸ್ಟನ್ನನ್ನು ತಳ್ಳಿಸಿದರೆ, ಆ ಪಿಸ್ಟನ್ ಅಗುಳಿಯನ್ನು ತೆರೆಯುತ್ತದೆ. ಸ್ಪ್ರಿಂಗ್ ಅದನ್ನು ಮರಳಿ ಮುಚ್ಚುತ್ತದೆ. ಸಿಪಾಯಿ ಮತ್ತೆ ಟ್ರಿಗರ್ ಒತ್ತಿದರೆ ಸಾಕು.

ಹೇಳುವುದಕ್ಕೆ ಇದು ಸುಲಭ. ಆದರೆ ಪ್ರೆಷರ್ ಕುಕ್ಕರಿನ ಆವಿ ಇಳಿಯುವ ಮೊದಲೇ ಮುಚ್ಚಳ ತೆಗೆದರೆ ಏನಾಗುತ್ತದೆಂದು ನಿಮಗೆ ಗೊತ್ತು. ಗುಂಡು ನಳಿಕೆಯನ್ನು ದಾಟಲು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗ ಸಾಕು. ಅಷ್ಟರೊಳಗೆ ಅಗುಳಿ ತೆರೆಯಲೂ ಬಾರದು, ಆಮೇಲೆ ತಡಮಾಡಲೂ ಬಾರದು. ಜೊತೆಗೆ ಮದ್ದಿನ ಮಸಿ, ಯುದ್ಧಭೂಮಿಯ ಕೆಸರು, ರಷ್ಯಾದ ಹಿಮ, ಆಫ್ರಿಕಾದ ಮರಳು ಎಲ್ಲವನ್ನೂ ಅದು ತಡೆದುಕೊಳ್ಳಬೇಕು.

ಮೊದಲ ಪ್ರಯತ್ನಗಳು

ಸ್ವಯಂಭರ್ತಿ ರೈಫಲ್ ಎರಡನೆಯ ಮಹಾಯುದ್ಧದ ಶೋಧವಲ್ಲ. ಮೆಕ್ಸಿಕೋ ದೇಶದ ಸೇನಾಧಿಕಾರಿ ಮಾನ್ವೆಲ್ ಮೊಂಡ್ರಗೋನ್ ರೂಪಿಸಿದ ರೈಫಲನ್ನು ಆ ದೇಶ 1908ರಲ್ಲೇ ತನ್ನ ಸೇನೆಗೆ ಸೇರಿಸಿಕೊಂಡಿತ್ತು. ಅದು ತಯಾರಾಗುತ್ತಿದ್ದುದು ಸ್ವಿಟ್ಜರ್ಲೆಂಡಿನಲ್ಲಿ. ಮೊದಲ ಮಹಾಯುದ್ಧ ಶುರುವಾದಾಗ ಜರ್ಮನಿ ಅವುಗಳನ್ನು ಕೊಂಡಿತು. ಆದರೆ ಕಂದಕಗಳ ಕೆಸರಿನಲ್ಲಿ ಅವು ಸಿಕ್ಕಿಹಾಕಿಕೊಂಡು ನಿಂತುಹೋದವು. ಕೆಸರಿಲ್ಲದ ಜಾಗವೊಂದಿತ್ತು, ಆಕಾಶ. ಹಾಗಾಗಿ ಅವುಗಳನ್ನು ವಿಮಾನದ ಸಿಬ್ಬಂದಿಗೆ ಕೊಡಲಾಯಿತು.

ಈ ಅನುಭವದಿಂದ ಒಂದು ಅಭಿಪ್ರಾಯ ಬೇರೂರಿತು: ತಾನೇ ತುಂಬಿಕೊಳ್ಳುವ ಬಂದೂಕು ನಾಜೂಕಿನ ವಸ್ತು, ಕಾಲಾಳಿಗೆ ತಕ್ಕುದಲ್ಲ. ಇದರ ಜೊತೆಗೆ ಎಲ್ಲ ದೇಶಗಳ ಹಳೆಯ ಸೇನಾಧಿಕಾರಿಗಳಿಗೂ ಇದ್ದ ಇನ್ನೊಂದು ಭಯವೂ ಸೇರಿತು: ಸಿಪಾಯಿಗೆ ಬೇಗ ಗುಂಡು ಹಾರಿಸುವ ಬಂದೂಕು ಕೊಟ್ಟರೆ ಅವನು ತೋಟಾಗಳನ್ನು ಪೋಲು ಮಾಡುತ್ತಾನೆ.

ಜರ್ಮನಿಗೆ ಮತ್ತೊಂದು ಕಾರಣವಿತ್ತು. ಅದರ ಕಾಲಾಳು ತುಕಡಿಯ ಕೇಂದ್ರದಲ್ಲಿ ಇದ್ದದ್ದು ಮೆಷಿನ್‌ಗನ್. ಹತ್ತು ಜನರ ತಂಡಕ್ಕೆ ಎಂ.ಜಿ. 34 ಎಂಬ ಒಂದು ಹಗುರ ಮೆಷಿನ್‌ಗನ್ ಇರುತ್ತಿತ್ತು. ಅದು ನಿಮಿಷಕ್ಕೆ 800ಕ್ಕೂ ಹೆಚ್ಚು ಗುಂಡು ಹಾರಿಸಬಲ್ಲದು. ಉಳಿದವರು ಅದಕ್ಕೆ ತೋಟಾ ಹೊರಬೇಕು, ಅದನ್ನು ಕಾಯಬೇಕು. ಹೀಗಿರುವಾಗ ರೈಫಲ್ ಹಳೆಯದಾದರೇನು ಎಂಬ ಲೆಕ್ಕ. 1939ರಲ್ಲಿ ಪೋಲೆಂಡಿನಲ್ಲಿ, 1940ರಲ್ಲಿ ಫ್ರಾನ್ಸಿನಲ್ಲಿ ಈ ಲೆಕ್ಕ ಸರಿಯಾದಂತೆಯೇ ಕಂಡಿತು. ಗೆಲ್ಲುತ್ತಿರುವವರು ತಮ್ಮ ಲೆಕ್ಕವನ್ನು ಮತ್ತೆ ಪರೀಕ್ಷಿಸುವುದು ಕಡಿಮೆ.

ಇತರ ದೇಶಗಳು ಆ ಹೊತ್ತಿಗೆ ಸುಮ್ಮನಿರಲಿಲ್ಲ. ಜಾನ್ ಗರಾಂಡ್ ರೂಪಿಸಿದ ಎಂ 1 ರೈಫಲನ್ನು ಅಮೆರಿಕ 1936ರಲ್ಲಿ ಒಪ್ಪಿಕೊಂಡಿತು. ಸೋವಿಯೆತ್ ಒಕ್ಕೂಟದಲ್ಲಿ ಫ್ಯೊದೊರ್ ಟೊಕಾರೆವ್ ಅವರ ರೈಫಲ್ 1938ರಲ್ಲಿ ಬಂದು, 1940ರಲ್ಲಿ ಸುಧಾರಣೆಗೊಂಡು ಎಸ್.ವಿ.ಟಿ. 40 ಎಂಬ ಹೆಸರು ಪಡೆಯಿತು.

ಮೇಜಿನ ಮೇಲೆ ಹುಟ್ಟಿದ ಷರತ್ತುಗಳು

ಕೊನೆಗೆ 1940ರಲ್ಲಿ ಜರ್ಮನ್ ಸೇನೆಯ ಶಸ್ತ್ರಾಸ್ತ್ರ ಇಲಾಖೆ ಸ್ವಯಂಭರ್ತಿ ರೈಫಲೊಂದನ್ನು ರೂಪಿಸಿಕೊಡುವಂತೆ ಕೇಳಿತು. ಕೇಳುವಾಗ ಮೂರು ಷರತ್ತುಗಳನ್ನು ಹಾಕಿತು. ಈ ಮೂರನ್ನು ಗಮನವಿಟ್ಟು ಓದಿ. ಮುಂದಿನ ಕಥೆಯ ಬೇರು ಇಲ್ಲಿದೆ.

ಒಂದು: ಅನಿಲ ತೆಗೆಯಲು ನಳಿಕೆಗೆ ರಂಧ್ರ ಕೊರೆಯಕೂಡದು. 
ಎರಡು: ಗುಂಡು ಹಾರಿಸುವಾಗ ರೈಫಲಿನ ಮೇಲ್ಭಾಗದಲ್ಲಿ ಯಾವ ಭಾಗವೂ ಚಲಿಸಕೂಡದು. 
ಮೂರು: ಸ್ವಯಂಭರ್ತಿ ಯಂತ್ರ ಕೆಟ್ಟುನಿಂತರೆ ಹಳೆಯ ರೈಫಲಿನಂತೆ ಕೈಯಿಂದ ಬೋಲ್ಟ್ ಎಳೆದು ಬಳಸುವಂತಿರಬೇಕು.

ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಷರತ್ತಿನಲ್ಲೂ ಒಂದು ಜಾಗ್ರತೆ ಕಾಣುತ್ತದೆ. ರಂಧ್ರ ಕೊರೆದರೆ ನಳಿಕೆ ದುರ್ಬಲವಾದೀತು, ಬೇಗ ಸವೆದೀತು ಎಂಬ ಭಯ. ಮೇಲೆ ಚಲಿಸುವ ಭಾಗಗಳಿದ್ದರೆ ಕೆಸರು ಒಳಹೊಕ್ಕೀತು ಎಂಬ ಭಯ. ಯಂತ್ರ ಕೆಟ್ಟರೆ ಸಿಪಾಯಿ ನಿರಾಯುಧನಾದಾನು ಎಂಬ ಭಯ. ಆದರೆ ಮೂರೂ ಭಯಗಳು ಒಟ್ಟಿಗೆ ಸೇರಿದಾಗ ಒಳ್ಳೆಯ ರೈಫಲ್ ಹುಟ್ಟುವ ದಾರಿಯೇ ಮುಚ್ಚಿಹೋಯಿತು.

ಸ್ಪರ್ಧೆಗೆ ಇಳಿದವರಲ್ಲಿ ಮುಖ್ಯರು ಇಬ್ಬರು: ಓಬರ್ನ್‌ಡಾರ್ಫಿನ ಮೌಸರ್ ಕಂಪನಿ, ತ್ಸೆಲ್ಲಾ-ಮೇಲಿಸ್ ಎಂಬ ಊರಿನ ವಾಲ್ಟರ್ ಕಂಪನಿ. ನಳಿಕೆಗೆ ರಂಧ್ರ ಕೊರೆಯುವಂತಿಲ್ಲವಾದ್ದರಿಂದ ಇಬ್ಬರೂ ಡೆನ್ಮಾರ್ಕಿನ ಸೋರೆನ್ ಬಾಂಗ್ ಎಂಬುವರ ಹಳೆಯ ಉಪಾಯಕ್ಕೆ ಮೊರೆಹೋದರು. ಗುಂಡು ನಳಿಕೆಯ ಬಾಯಿಯಿಂದ ಹೊರಬಿದ್ದ ಮೇಲೆ, ಅದರ ಹಿಂದೆ ಬರುವ ಅನಿಲವನ್ನು ಬಾಯಿಗೆ ತೊಡಿಸಿದ ಒಂದು ಟೊಪ್ಪಿಗೆಯಲ್ಲಿ ತಡೆದು ಹಿಂದಕ್ಕೆ ತಿರುಗಿಸುವುದು ಈ ಉಪಾಯ. ಆ ಅನಿಲ ನಳಿಕೆಯನ್ನು ಸುತ್ತುವರಿದ ಬಳೆಯಾಕಾರದ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಒಂದು ಉದ್ದ ಸಲಾಕೆಯನ್ನು ತಳ್ಳುತ್ತದೆ. ಸಲಾಕೆ ಅಗುಳಿಯನ್ನು ತೆರೆಯುತ್ತದೆ.

ಬುದ್ಧಿವಂತಿಕೆಯ ಉಪಾಯವೇನೋ ಹೌದು. ಆದರೆ ರೈಫಲಿನ ಮೂತಿ ಭಾರವಾಯಿತು. ಟೊಪ್ಪಿಗೆಯೊಳಗೆ ಮಸಿ ಕಟ್ಟಿತು, ಭಾಗಗಳಿಗೆ ತುಕ್ಕು ಹಿಡಿಯಿತು. ಬಿಚ್ಚಿ ಒರೆಸುವುದು ಯುದ್ಧಭೂಮಿಯಲ್ಲಿ ತಲೆನೋವಾಯಿತು.

ಇಲ್ಲಿ ಒಂದು ಹೋಲಿಕೆ ಉಪಯುಕ್ತ. ಅಮೆರಿಕದ ಎಂ 1 ರೈಫಲ್ ಕೂಡ ಮೊದಲು ನಳಿಕೆಯ ಬಾಯಿಯಲ್ಲೇ ಅನಿಲ ಹಿಡಿಯುತ್ತಿತ್ತು. ಅದರ ತೊಂದರೆಗಳನ್ನು ಕಂಡ ಅಮೆರಿಕದವರು, ತಮ್ಮ ದೇಶ ಯುದ್ಧಕ್ಕೆ ಇಳಿಯುವ ಮೊದಲೇ ಆ ವಿಧಾನವನ್ನು ಕೈಬಿಟ್ಟು ನಳಿಕೆಗೆ ರಂಧ್ರ ಕೊರೆದರು. ನಳಿಕೆಗೆ ಏನೂ ಆಗಲಿಲ್ಲ. ಅಮೆರಿಕದವರು ಬಿಟ್ಟುಬಿಟ್ಟ ವಿಧಾನವನ್ನೇ ಜರ್ಮನ್ ಇಲಾಖೆ 1940ರಲ್ಲಿ ಕಡ್ಡಾಯ ಮಾಡಿದಂತಾಯಿತು.

ಸ್ಪರ್ಧೆಯ ಫಲಿತಾಂಶವೂ ಸ್ವಾರಸ್ಯಕರ. ಮೌಸರ್ ಕಂಪನಿ ಮೂರೂ ಷರತ್ತುಗಳನ್ನು ಅಕ್ಷರಶಃ ಪಾಲಿಸಿತು. ಅದರ 'ಗೆವೇರ್ 41 ಎಂ' ರೈಫಲಿಗೆ ಹಳೆಯ ಕಾಲದ ಬೋಲ್ಟ್ ಹಿಡಿಯೂ ಇತ್ತು. ಗೆವೇರ್ ಎಂದರೆ ಜರ್ಮನ್ ಭಾಷೆಯಲ್ಲಿ ರೈಫಲ್. ತಯಾರಾದದ್ದು ಆರು ಸಾವಿರ ಚಿಲ್ಲರೆ. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಬಳಕೆಗೆ ಬಾರವೆಂದು ವಾಪಸು ಬಂದವು. ವಾಲ್ಟರ್ ಕಂಪನಿ ಮೊದಲ ಷರತ್ತನ್ನು ಮಾತ್ರ ಉಳಿಸಿಕೊಂಡು, ಉಳಿದೆರಡನ್ನು ಬದಿಗಿಟ್ಟಿತು. ಗೆದ್ದದ್ದು ವಾಲ್ಟರ್ ರೈಫಲೇ! 'ಗೆವೇರ್ 41 ಡಬ್ಲ್ಯು' ಎಂಬ ಹೆಸರಿನಲ್ಲಿ 1942ರ ಕೊನೆಗೆ ಅದು ಸೇನೆಯ ಅಂಗೀಕಾರ ಪಡೆಯಿತು. ಆದರೆ ಉಳಿಸಿಕೊಂಡ ಆ ಒಂದು ಷರತ್ತೇ ಅದನ್ನು ಕಾಡಿತು. ಸುಮಾರು 5 ಕಿಲೋ ತೂಕ, ರೈಫಲಿಗೆ ಅಂಟಿಕೊಂಡಿದ್ದ 10 ತೋಟಾಗಳ ಮ್ಯಾಗಜೀನ್, ಮಸಿ ಕಟ್ಟುವ ಮೂತಿ: ಸಿಪಾಯಿಗಳಿಗೆ ಅದು ಪ್ರಿಯವಾಗಲಿಲ್ಲ.

ಶತ್ರುವಿನ ಕೈಯಿಂದ ಬಂದ ಉತ್ತರ

1941ರ ಜೂನ್ 22ರಂದು ಜರ್ಮನಿ ಸೋವಿಯೆತ್ ಒಕ್ಕೂಟದ ಮೇಲೆ ದಾಳಿ ಮಾಡಿತು. ಮೊದಲ ತಿಂಗಳುಗಳಲ್ಲಿ ಸೆರೆಸಿಕ್ಕ ಶಸ್ತ್ರಗಳ ರಾಶಿಯಲ್ಲಿ ಟೊಕಾರೆವ್ ರೈಫಲುಗಳೂ ಇದ್ದವು. ಜರ್ಮನ್ ಸಿಪಾಯಿಗಳು ಅವನ್ನು ಎತ್ತಿಕೊಂಡು ತಾವೇ ಬಳಸತೊಡಗಿದರು. ಎಷ್ಟರಮಟ್ಟಿಗೆಂದರೆ ಸೇನೆ ಆ ಸೋವಿಯೆತ್ ರೈಫಲಿಗೆ ಅಧಿಕೃತ ಜರ್ಮನ್ ಹೆಸರು ಮತ್ತು ಸಂಖ್ಯೆಯನ್ನೇ ಕೊಟ್ಟಿತು.

ಟೊಕಾರೆವ್ ರೈಫಲಿನ ನಳಿಕೆಯ ಮೇಲ್ಭಾಗದಲ್ಲಿ ಒಂದು ಚಿಕ್ಕ ರಂಧ್ರವಿತ್ತು. ಅದರ ಮೂಲಕ ಬಂದ ಅನಿಲ ಒಂದು ಗಿಡ್ಡ ಪಿಸ್ಟನ್ನಿಗೆ ತಟ್ಟನೆ ಏಟು ಕೊಡುತ್ತಿತ್ತು. ಅಷ್ಟೇ. ಹಗುರ, ಸರಳ, ಒರೆಸಲು ಸುಲಭ. ವಾಲ್ಟರ್ ಕಂಪನಿಯ ತಂತ್ರಜ್ಞರು ತಮ್ಮ ರೈಫಲಿನ ಅಗುಳಿಯನ್ನು ಹಾಗೆಯೇ ಇಟ್ಟುಕೊಂಡು, ಮೂತಿಯ ಟೊಪ್ಪಿಗೆಯನ್ನು ಕಿತ್ತುಹಾಕಿ, ಸೋವಿಯೆತ್ ಮಾದರಿಯ ರಂಧ್ರ ಮತ್ತು ಪಿಸ್ಟನ್ನನ್ನು ಅಳವಡಿಸಿದರು. ಕಳಚಿ ಹಾಕಬಹುದಾದ 10 ತೋಟಾಗಳ ಮ್ಯಾಗಜೀನ್ ಇಟ್ಟರು. ಹೀಗೆ 1943ರಲ್ಲಿ 'ಗೆವೇರ್ 43' ಬಂತು. 1944ರಲ್ಲಿ ಅದನ್ನೇ 'ಕಾರಾಬೀನರ್ 43' ಎಂದು ಕರೆದರು.

1940ರ ಮೂರು ಷರತ್ತುಗಳಲ್ಲಿ ಈಗ ಒಂದೂ ಉಳಿದಿರಲಿಲ್ಲ. ಆದರೆ ಮೂರು ವರ್ಷ ಕಳೆದುಹೋಗಿತ್ತು. 1943ರ ಹೊತ್ತಿಗೆ ಸ್ಟಾಲಿನ್‌ಗ್ರಾಡ್ ಮುಗಿದಿತ್ತು. ಕಾರ್ಖಾನೆಗಳ ಮೇಲೆ ಬಾಂಬು ಬೀಳುತ್ತಿತ್ತು. ಕುಶಲ ಕೆಲಸಗಾರರು ರಣರಂಗಕ್ಕೆ ಹೋಗಿದ್ದರು. ಆ ಕಾಲದ ಗೆವೇರ್ 43 ರೈಫಲುಗಳ ಮೈಮೇಲೆ ಯಂತ್ರದ ಉಳಿ ಎಳೆದ ಗೀರುಗಳು ಹಾಗೆಯೇ ಕಾಣುತ್ತವೆ, ನಯಗೊಳಿಸಲು ಸಮಯವಿರಲಿಲ್ಲ. ಅನಿಲದ ಹೊಡೆತ ಬೇಕಾದುದಕ್ಕಿಂತ ಜೋರಾಗಿದ್ದು ಒಳಭಾಗಗಳು ಬೇಗ ಸವೆಯುತ್ತಿದ್ದವು. ಹಾಗಿದ್ದರೂ ಸಿಪಾಯಿಗಳು ಅದನ್ನು ಮೆಚ್ಚಿದರು. ದುರ್ಬೀನು ಜೋಡಿಸಿ ಗುರಿಕಾರರಿಗೂ ಕೊಡಲಾಯಿತು.

ಇದೇ ಸಮಯದಲ್ಲಿ ಜರ್ಮನ್ ವಾಯುಪಡೆ ತನ್ನ ಧುಮುಕುಕೊಡೆ ಯೋಧರಿಗಾಗಿ ಬೇರೆಯೇ ರೈಫಲೊಂದನ್ನು ಮಾಡಿಸಿತು. 1941ರ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಮೇಲೆ ಧುಮುಕಿದ ಯೋಧರ ರೈಫಲುಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಇಳಿಸಲಾಗಿತ್ತು. ಪೆಟ್ಟಿಗೆ ಸಿಗುವ ಮೊದಲೇ ಅನೇಕರು ಸತ್ತರು. ಇಂಥ ಅನುಭವಗಳಿಂದ ಹುಟ್ಟಿದ್ದು ಎಫ್.ಜಿ. 42. ರೈನ್‌ಮೆಟಾಲ್ ಕಂಪನಿಯ ಲೂಯಿ ಸ್ಟಾಂಗೆ ಅದರ ರೂಪಕಾರ. ಬಹಳ ಜಾಣತನದ ರಚನೆ. ಆದರೆ ತಯಾರಾದದ್ದು ಸುಮಾರು 7,000 ಮಾತ್ರ. ಭೂಸೇನೆ ಒಂದು ಕಡೆ, ವಾಯುಪಡೆ ಇನ್ನೊಂದು ಕಡೆ ಪ್ರತ್ಯೇಕವಾಗಿ ಕೆಲಸಮಾಡಿದವು. ಅಷ್ಟಕ್ಕೆಲ್ಲ ಸಾಕಾಗುವಷ್ಟು ಉಕ್ಕಾಗಲಿ ಕೈಗಳಾಗಲಿ ದೇಶದಲ್ಲಿರಲಿಲ್ಲ.

ಬಂದೂಕನ್ನಲ್ಲ, ತೋಟಾವನ್ನು ಬದಲಿಸಿ

ಈವರೆಗೆ ನೋಡಿದ್ದೆಲ್ಲ ಹಳೆಯ ತೋಟಾಕ್ಕೆ ಹೊಸ ಬಂದೂಕು ಮಾಡುವ ಯತ್ನ. ಇನ್ನೊಂದು ಗುಂಪು ಬೇರೆ ಪ್ರಶ್ನೆ ಕೇಳಿತ್ತು: ಕಾಲಾಳಿಗೆ ಅಷ್ಟು ದೊಡ್ಡ ತೋಟಾ ಯಾಕೆ ಬೇಕು?

ಮೌಸರ್ ರೈಫಲಿನ ಗುರಿಪಟ್ಟಿಯಲ್ಲಿ 2,000 ಮೀಟರಿನವರೆಗೂ ಗುರುತುಗಳಿದ್ದವು. ಎರಡು ಕಿಲೋಮೀಟರ್ ದೂರದ ಮನುಷ್ಯ ಬರಿಗಣ್ಣಿಗೆ ಒಂದು ಚುಕ್ಕೆ. ನಿಜವಾದ ಹೋರಾಟ ಬಹುಪಾಲು ಮುನ್ನೂರು ನಾನೂರು ಮೀಟರಿನೊಳಗೆ ಮುಗಿಯುತ್ತದೆ. ಹಾಗಾದರೆ ಮದ್ದು ಕಡಿಮೆ ಮಾಡಿ, ಗುಂಡನ್ನು ಹಗುರ ಮಾಡಿ, ತೋಟಾವನ್ನು ಗಿಡ್ಡ ಮಾಡಬಹುದಲ್ಲ? ಹಿಮ್ಮೆಟ್ಟು ಕಡಿಮೆಯಾಗುತ್ತದೆ, ಬಂದೂಕಿನ ಯಂತ್ರದ ಮೇಲೆ ಹೊರೆ ಇಳಿಯುತ್ತದೆ, ಸಿಪಾಯಿ ಹೆಚ್ಚು ತೋಟಾ ಹೊರಬಹುದು. ಮಾಗ್ಡೆಬುರ್ಗ್ ನಗರದ ಪೋಲ್ಟೆ ಕಂಪನಿ ಇಂಥ ತೋಟಾವನ್ನು ಸಿದ್ಧಪಡಿಸಿತು. ಹಳೆಯ ತೋಟಾದ ಕವಚ 57 ಮಿಲಿಮೀಟರ್ ಉದ್ದವಾದರೆ ಇದರದು 33. ಹಳೆಯ ಗುಂಡಿನ ತೂಕ 12.8 ಗ್ರಾಂ, ಹೊಸದರದು ಸುಮಾರು 8 ಗ್ರಾಂ. ಇದಕ್ಕೆ 'ಕುರ್ತ್ಸ್' ಎಂದು ಹೆಸರು. ಆ ಪದಕ್ಕೆ ಗಿಡ್ಡ ಎಂದೇ ಅರ್ಥ.

ಈ ತೋಟಾಕ್ಕೆ ತಕ್ಕ ಬಂದೂಕು ಮಾಡುವ ಕೆಲಸ 1938ರಲ್ಲಿ ಜೂಲ್ ಎಂಬ ಊರಿನ ಹೇನೆಲ್ ಕಂಪನಿಗೆ ಸಿಕ್ಕಿತು. ಅಲ್ಲಿನ ರೂಪಕಾರ ಹ್ಯೂಗೋ ಶ್ಮೈಸರ್. ಉಕ್ಕಿನ ಗಟ್ಟಿಯನ್ನು ಗಂಟೆಗಟ್ಟಲೆ ಕೊರೆದು ಕೆತ್ತುವ ಬದಲು, ತಗಡನ್ನು ಅಚ್ಚಿನಲ್ಲಿ ಒತ್ತಿ ಬೆಸುಗೆ ಹಾಕಿ ಬಂದೂಕಿನ ಮೈ ಮಾಡಿದರು. ಒಂದೊಂದೇ ಗುಂಡೂ ಹಾರುತ್ತಿತ್ತು. ಬೇಕೆಂದರೆ ಮೆಷಿನ್‌ಗನ್ನಿನಂತೆ ಸತತವಾಗಿಯೂ ಹಾರುತ್ತಿತ್ತು. ಮ್ಯಾಗಜೀನಿನಲ್ಲಿ 30 ತೋಟಾ. ಗುರಿಪಟ್ಟಿಯಲ್ಲಿ 800 ಮೀಟರಿಗೆ ಗುರುತು ನಿಂತಿತು.

ಹೊಸ ತೋಟಾ ಬೇಡವೆಂದದ್ದು ಹಿಟ್ಲರ್. ಹಳೆಯ ತೋಟಾಗಳ ದಾಸ್ತಾನು, ಅವನ್ನು ತಯಾರಿಸುವ ಯಂತ್ರಗಳು ದೇಶದ ತುಂಬ ಇದ್ದವು. ಯುದ್ಧದ ನಡುವೆ ಇನ್ನೊಂದು ಬಗೆಯ ತೋಟಾ ಸರಬರಾಜು ಮಾಡುವುದು ಕಷ್ಟ ಎಂಬುದು ಪೂರ್ತಿ ತಳ್ಳಿಹಾಕುವ ಮಾತೂ ಅಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ರೈಫಲ್ ಜಾತಿಯ ಈ ಆಯುಧ 1943ರಲ್ಲಿ 'ಮೆಷಿನ್ ಪಿಸ್ತೂಲು 43' ಎಂಬ ಹೆಸರಿನಲ್ಲಿ ಮುಂದುವರಿಯಿತು. ಪೂರ್ವ ರಣರಂಗದ ಪರೀಕ್ಷೆಗಳಲ್ಲಿ ಅದು ಗೆದ್ದ ಮೇಲೆ ಹಿಟ್ಲರನ ಒಪ್ಪಿಗೆಯೂ ಸಿಕ್ಕಿತು. 1944ರಲ್ಲಿ ಅದಕ್ಕೆ 'ಸ್ಟುರ್ಮ್‌ಗೆವೇರ್ 44' ಎಂಬ ಹೆಸರು ಬಂತು. ಇಂದು ಪತ್ರಿಕೆಗಳಲ್ಲಿ ಓದುವ 'ಅಸಾಲ್ಟ್ ರೈಫಲ್' ಎಂಬ ಮಾತು ಆ ಜರ್ಮನ್ ಹೆಸರಿನ ಅನುವಾದ.

ಲೆಕ್ಕ ಏನು ಹೇಳುತ್ತದೆ?

ಈಗ ಅಂಕಿಗಳನ್ನು ಪಕ್ಕಪಕ್ಕದಲ್ಲಿಡೋಣ. ಗೆವೇರ್ 43 ತಯಾರಾದದ್ದು ಸುಮಾರು 4 ಲಕ್ಷ. ಸ್ಟುರ್ಮ್‌ಗೆವೇರ್ ಮತ್ತು ಅದರ ಹಿಂದಿನ ರೂಪಗಳು ಸೇರಿ ಸುಮಾರು 4 ಲಕ್ಷ 25 ಸಾವಿರ. ಹಳೆಯ ಬೋಲ್ಟ್ ರೈಫಲ್ ಕಾರಾಬೀನರ್ 98 ಕೆ ತಯಾರಾದದ್ದು 1 ಕೋಟಿ 40 ಲಕ್ಷಕ್ಕೂ ಮೇಲೆ. ಅಮೆರಿಕ ಯುದ್ಧಕಾಲದಲ್ಲಿ ತಯಾರಿಸಿದ ಎಂ 1 ರೈಫಲುಗಳು ಸುಮಾರು 40 ಲಕ್ಷ.

ಇದನ್ನು ಕಂಡು, ಸ್ವಯಂಭರ್ತಿ ರೈಫಲ್ ಮೊದಲೇ ಸಿಕ್ಕಿದ್ದರೆ ಜರ್ಮನಿ ಗೆಲ್ಲುತ್ತಿತ್ತು ಎಂದು ಕೆಲವರು ಬರೆಯುವುದುಂಟು. ಈ ಮಾತನ್ನು ನಂಬಬೇಡಿ. ಸೋವಿಯೆತ್ ಸೇನೆಯನ್ನೇ ನೋಡಿ. ಯುದ್ಧದ ಆರಂಭದಲ್ಲಿ ಅವರ ಬಳಿ ಒಳ್ಳೆಯ ಸ್ವಯಂಭರ್ತಿ ರೈಫಲ್ ಇತ್ತು; ಆದರೂ 1941ರಲ್ಲಿ ಅವರು ಭಾರಿ ಸೋಲುಗಳನ್ನು ಕಂಡರು. ಮುಂದೆ ಅವರು ಟೊಕಾರೆವ್ ರೈಫಲಿನ ತಯಾರಿಕೆಯನ್ನು ಇಳಿಸಿ, ಸುಲಭವಾಗಿ ತಯಾರಾಗುವ ಹಳೆಯ ಬೋಲ್ಟ್ ರೈಫಲಿಗೂ ಸಬ್‌ಮೆಷಿನ್‌ಗನ್ನಿಗೂ ಮರಳಿದರು. ಗೆದ್ದದ್ದು ಅವುಗಳನ್ನು ಹಿಡಿದೇ. ಬ್ರಿಟನ್ ಇಡೀ ಯುದ್ಧವನ್ನು .303 ಬೋಲ್ಟ್ ರೈಫಲಿನಲ್ಲೇ ನಡೆಸಿತು. 1943ರಿಂದ 1945ರವರೆಗೆ ಇಟಲಿಯ ಬೆಟ್ಟಗಳಲ್ಲಿ ಜರ್ಮನ್ನರ ಎದುರು ಹೋರಾಡಿದ ಭಾರತೀಯ 4, 8 ಮತ್ತು 10ನೆಯ ಡಿವಿಷನ್ನುಗಳ ಸಿಪಾಯಿಗಳ ಕೈಯಲ್ಲಿದ್ದುದೂ .303 ರೈಫಲೇ. ಆಹಾರ, ಪೆಟ್ರೋಲು, ಉಕ್ಕು, ಜನಬಲ, ಮಿತ್ರರಾಷ್ಟ್ರಗಳ ಒಗ್ಗಟ್ಟು ಇವೆಲ್ಲದರ ಮುಂದೆ ಒಂದು ರೈಫಲಿನ ತೂಕ ಬಹಳ ಕಡಿಮೆ.

ಈ ರೈಫಲುಗಳನ್ನು ಮಾಡಿದ ಕೈಗಳು

ಇನ್ನೊಂದು ಪ್ರಶ್ನೆ ಉಳಿದಿದೆ. ಆಯುಧಗಳ ಬಗ್ಗೆ ಬರೆದ ಅನೇಕ ಪುಸ್ತಕಗಳು ಇದನ್ನು ಕೇಳುವುದಿಲ್ಲ. 1943ರ ನಂತರ ಕುಶಲ ಕೆಲಸಗಾರರೆಲ್ಲ ರಣರಂಗದಲ್ಲಿದ್ದಾಗ ಲಕ್ಷಗಟ್ಟಲೆ ರೈಫಲುಗಳನ್ನು ಮಾಡಿದವರು ಯಾರು?

ಹ್ಯಾಂಬುರ್ಗ್ ನಗರದ ಹತ್ತಿರ ನೊಯೆನ್‌ಗಾಮೆ ಎಂಬಲ್ಲಿ ನಾತ್ಸಿಗಳ ಯಾತನಾ ಶಿಬಿರವಿತ್ತು. ಆ ಶಿಬಿರದಲ್ಲೇ ವಾಲ್ಟರ್ ಕಂಪನಿಯ ಕಾರ್ಖಾನೆ ಎದ್ದಿತು. ಕಾರಾಬೀನರ್ 43 ರೈಫಲಿನ ಭಾಗಗಳನ್ನು ಅಲ್ಲಿ ಕೈದಿಗಳು ತಯಾರಿಸಿದರು. ನೊಯೆನ್‌ಗಾಮೆ ಮತ್ತು ಅದರ ಉಪಶಿಬಿರಗಳಲ್ಲಿ ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನ ಸೆರೆಯಲ್ಲಿದ್ದರು. ಅವರಲ್ಲಿ ಕನಿಷ್ಠ 42,900 ಮಂದಿ ಸತ್ತರು. ಬುಖೆನ್‌ವಾಲ್ಡ್ ಶಿಬಿರದ ಪಕ್ಕದಲ್ಲಿ ಗುಸ್ಟ್‌ಲಾಫ್ ಎಂಬ ಶಸ್ತ್ರಾಸ್ತ್ರ ಕಾರ್ಖಾನೆಯಿತ್ತು. 1944ರ ಆಗಸ್ಟ್ 24ರಂದು ಮಿತ್ರರಾಷ್ಟ್ರಗಳ ವಿಮಾನಗಳು ಅದರ ಮೇಲೆ ಬಾಂಬು ಹಾಕಿದಾಗ ಸತ್ತವರಲ್ಲಿ ನೂರಾರು ಕೈದಿಗಳಿದ್ದರು. ಗಿಡ್ಡ ತೋಟಾ ರೂಪಿಸಿದ ಪೋಲ್ಟೆ ಕಂಪನಿಯ ಮಾಗ್ಡೆಬುರ್ಗ್ ಕಾರ್ಖಾನೆಯಲ್ಲೂ 1944ರಿಂದ ಯಾತನಾ ಶಿಬಿರದ ಮಹಿಳಾ ಕೈದಿಗಳನ್ನು ದುಡಿಸಿಕೊಂಡರು.

ಹಸಿದ ಮನುಷ್ಯನೊಬ್ಬ, ತನ್ನನ್ನು ಸೆರೆಯಲ್ಲಿಟ್ಟವರ ಕೈಗೇ ಹೋಗಲಿರುವ ಬಂದೂಕಿನ ಭಾಗವನ್ನು ಅರೆಯುತ್ತ ನಿಂತಿರುವ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಕೆಲಸದಲ್ಲಿ ದೋಷ ಕಂಡರೆ ಅದು ಬೇಕೆಂದೇ ಮಾಡಿದ ದ್ರೋಹವೆಂದು ಗಲ್ಲಿಗೇರಿಸಬಹುದು. ಗೆವೇರ್ 43ರ ಮೈಮೇಲಿನ ಒರಟು ಗೀರುಗಳನ್ನು ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ನೋಡುವವರು, ಅದರ ಹಿಂದೆ ಈ ಕೈಗಳೂ ಇದ್ದವು ಎಂಬುದನ್ನು ಮರೆಯಬಾರದು.

ಯುದ್ಧ ಮುಗಿದ ಮೇಲೆ

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಗೆವೇರ್ 43ರ ವಂಶ ಅಲ್ಲಿಗೇ ಹೆಚ್ಚುಕಡಿಮೆ ಕೊನೆಗೊಂಡಿತು. ಗಿಡ್ಡ ತೋಟಾದ ವಿಚಾರ ಮಾತ್ರ ಉಳಿಯಿತು. ಸೋವಿಯೆತ್ ತಜ್ಞರು 1943ರಲ್ಲೇ ತಮ್ಮದೇ ಗಿಡ್ಡ ತೋಟಾ ರೂಪಿಸಿದ್ದರು. ಅದಕ್ಕೆ ತಕ್ಕಂತೆ ಮಿಖಾಯಿಲ್ ಕಲಾಶ್ನಿಕೋವ್ ರೂಪಿಸಿದ ರೈಫಲ್ 1949ರಲ್ಲಿ ಸೇನೆಗೆ ಸೇರಿತು. ಹೊರಗಿನಿಂದ ಅದು ಜರ್ಮನ್ ರೈಫಲನ್ನು ಹೋಲುತ್ತದೆ. ಶ್ಮೈಸರ್ ಅವರನ್ನು 1946ರಲ್ಲಿ ರಷ್ಯಾದ ಇಝೆವ್‌ಸ್ಕ್ ನಗರಕ್ಕೆ ಒಯ್ದದ್ದೂ ನಿಜ. ಆದರೆ ಎರಡರ ಒಳಗಿನ ಅಗುಳಿಯ ರಚನೆ ಬೇರೆ ಬೇರೆ: ಜರ್ಮನ್ ರೈಫಲಿನ ಅಗುಳಿ ವಾಲಿ ಬೀಗವಾಗುತ್ತದೆ, ಕಲಾಶ್ನಿಕೋವ್ ರೈಫಲಿನದು ತಿರುಗಿ ಬೀಗವಾಗುತ್ತದೆ. ಹೋಲಿಕೆ ಕಂಡ ಕೂಡಲೇ ನಕಲು ಎಂದು ತೀರ್ಮಾನಿಸಬಾರದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಮ್ಮ ದೇಶಕ್ಕೂ ಈ ಕಥೆಯ ಒಂದು ಎಳೆ ಬಂದು ಸೇರುತ್ತದೆ. ಯುದ್ಧಾನಂತರ ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆಯಲ್ಲಿ ದ್ಯೂದೊನೆ ಸೇವ್ ಎಂಬ ರೂಪಕಾರ ಹೊಸ ರೈಫಲೊಂದನ್ನು ಸಿದ್ಧಪಡಿಸಿದರು. ಅದರ ಮೊದಲ ಮಾದರಿಯನ್ನು ರೂಪಿಸಿದ್ದು ಇದೇ ಜರ್ಮನ್ ಗಿಡ್ಡ ತೋಟಾಕ್ಕೆ. ಮುಂದೆ ಪಾಶ್ಚಾತ್ಯ ರಾಷ್ಟ್ರಗಳ ಒಪ್ಪಂದದಂತೆ ದೊಡ್ಡ ತೋಟಾಕ್ಕೆ ಅದನ್ನು ಹಿಗ್ಗಿಸಲಾಯಿತು. 1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರು ಬಹುಮಟ್ಟಿಗೆ .303 ಬೋಲ್ಟ್ ರೈಫಲ್ ಹಿಡಿದೇ ಹೋರಾಡಿದ್ದರು. ಆ ನಂತರದ ವರ್ಷಗಳಲ್ಲಿ ಅದರ ಸ್ಥಾನಕ್ಕೆ ಬಂದದ್ದು ಬೆಲ್ಜಿಯಮ್ ಮೂಲದ ಅದೇ ರಚನೆ, ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 7.62 ಮಿಲಿಮೀಟರ್ ರೈಫಲ್. 'ಎಸ್.ಎಲ್.ಆರ್.' ಎಂಬ ಹೆಸರನ್ನು ನೀವು ಕೇಳಿರಬಹುದು. ಅದರ ಪೂರ್ಣರೂಪ 'ಸೆಲ್ಫ್ ಲೋಡಿಂಗ್ ರೈಫಲ್', ಎಂದರೆ ಸ್ವಯಂಭರ್ತಿ ರೈಫಲ್.

ಯಂತ್ರಗಳ ಇತಿಹಾಸ ಓದುವಾಗ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವುದು ಸಹಜ, ಕೇಳಲೇಬೇಕು. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಅದಕ್ಕೆ ಷರತ್ತು ಹಾಕಿದವರು ಯಾರು, ಯಾವ ಭಯದಿಂದ ಹಾಕಿದರು? ಅದನ್ನು ಮಾಡಿದ ಕೈಗಳು ಯಾರವು, ಯಾವ ಸ್ಥಿತಿಯಲ್ಲಿದ್ದವು? ಜರ್ಮನಿಯ ತಂತ್ರಜ್ಞರಿಗೆ ಜಾಣತನದ ಕೊರತೆಯಿರಲಿಲ್ಲ. ನಳಿಕೆಗೆ ಒಂದು ರಂಧ್ರ ಕೊರೆಯಲು ಮೂರು ವರ್ಷ ಹಿಡಿದದ್ದು ಕಚೇರಿಯ ಷರತ್ತನ್ನು ಯಾರೂ ಮತ್ತೆ ಪರೀಕ್ಷಿಸದೆ ಹೋದದ್ದರಿಂದ. ಕೊನೆಗೆ ಆ ರಂಧ್ರ ಕೊರೆದಾಗ ಯಂತ್ರದ ಮುಂದೆ ನಿಂತಿದ್ದವರಲ್ಲಿ ಸಂಬಳದ ಕೆಲಸಗಾರರ ಜೊತೆ ಯಾತನಾ ಶಿಬಿರದ ಕೈದಿಗಳೂ ಇದ್ದರು.

ಚರ್ಚೆಗೆ ಕೆಲವು ಪ್ರಶ್ನೆಗಳು

1. 1940ರ ಮೂರು ಷರತ್ತುಗಳಲ್ಲಿ ಯಾವುದಕ್ಕೆ ಹೆಚ್ಚು ಆಧಾರವಿತ್ತು, ಯಾವುದಕ್ಕೆ ಕಡಿಮೆ? ಕಾರಣ ಕೊಟ್ಟು ವಾದಿಸಿ.

2. ಒಳ್ಳೆಯ ಆಯುಧವಿದ್ದವರೇ ಯುದ್ಧ ಗೆಲ್ಲುತ್ತಾರೆ ಎಂಬ ಮಾತನ್ನು ಈ ಲೇಖನದ ಅಂಕಿಗಳ ಸಹಾಯದಿಂದ ಪರೀಕ್ಷಿಸಿ.

3. ನೀವು ದಿನವೂ ಬಳಸುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರ ಜೊತೆಗೆ, ಅದನ್ನು ಮಾಡಿದವರು ಯಾರು ಎಂಬುದನ್ನೂ ಹುಡುಕಿ ಒಂದು ಪುಟ ಬರೆಯಿರಿ.